ಕಾಯಿ ಕೊಯ್ದು ನೋಡಿ, ಆಮೇಲೆ ಎಣ್ಣೆ ಮಾತು

ದೇವರಗಟ್ಟಿನ ಬನ್ನಿ ಹಬ್ಬ ಮುಗಿದ ವಾರ, ಆಂಧ್ರದ ಕರ್ನೂಲು ಜಿಲ್ಲೆಯ ಹೊಳಗುಂದ ಸೀಮೆಯ ಒಂದು ಊರಿನ ಗುಡಿ ಕಟ್ಟೆಯ ಮೇಲೆ ಹತ್ತಿ ಹುಳದ ಬಗ್ಗೆ ಆಡಿದ ಮಾತುಗಳಿವು. ಹೆಚ್ಚುಕಮ್ಮಿ ಆಡಿದ ಹಾಗೇ ಬರೆದಿದ್ದೇನೆ. ಎರಡೆರಡು ಸಲ ಹೇಳಿದ್ದನ್ನು ಮಾತ್ರ ತೆಗೆದಿದ್ದೇನೆ.

ಎಲ್ಲರಿಗೂ ನಮಸ್ಕಾರ. ಹಿಂದೆ ನಿಂತವರು ಮುಂದೆ ಬನ್ನಿ, ಮೈಕು ಸರಿಯಿಲ್ಲ. ಬರುವಾಗ ನಿಮ್ಮೂರಿನದೇ ಒಂದು ಹೊಲಕ್ಕೆ ಇಳಿದು, ಯಜಮಾನರನ್ನು ಕೇಳಿಯೇ, ಇಪ್ಪತ್ತು ಹಸಿರು ಹತ್ತಿಕಾಯಿ ಕಿತ್ತು ತಂದಿದ್ದೇನೆ. ಈ ಚೀಲದಲ್ಲಿವೆ. ಆಮೇಲೆ ಎಲ್ಲರೂ ಸೇರಿ ಕೊಯ್ದು ನೋಡೋಣ.

ನಾನು ವಿಜ್ಞಾನಿ ಅಲ್ಲ. ಕನ್ನಡ ಶಾಲೆಯ ಮೇಷ್ಟ್ರಾಗಿ ರಿಟೈರ್ ಆದವನು. ಅಪ್ಪನಿಂದ ಬಂದ ಆರು ಎಕರೆ ಎರೆ ಹೊಲ ಇದೆ, ಅದರಲ್ಲಿ ನಾಲ್ಕು ಎಕರೆ ಹತ್ತಿ. ನನ್ನನ್ನು ಕರೆಯಲು ಬಂದ ಹುಡುಗರು, "ಸಾವಯವ ಒಳ್ಳೇದೋ ಕೆಮಿಕಲ್ ಒಳ್ಳೇದೋ, ಅದೊಂದು ಹೇಳಿಬಿಡಿ ಸಾರ್" ಅಂದರು. ಹತ್ತಿ ಬೆಳೆದವರು ಯಾರೂ ಅದಕ್ಕೆ ಒಂದೇ ಮಾತಿನಲ್ಲಿ ಉತ್ತರ ಕೊಡುವುದಿಲ್ಲ. ನಾನು ಬೇರೆಯೇ ಪ್ರಶ್ನೆ ಕೇಳುತ್ತೇನೆ. ಇವತ್ತು ಎಣ್ಣೆ ಹೊಡೆಯಬೇಕು ಅಂತ ನಿಮಗೆ ಹೇಳುವುದು ಯಾರು? ನಿಮ್ಮ ಗಿಡವೋ, ಪಕ್ಕದ ಹೊಲದ ಸ್ಪ್ರೇ ಪಂಪಿನ ಸದ್ದೋ, ಅಂಗಡಿಯವನ ಚೀಟಿಯೋ?

(ಹುಳ ಕೊಲ್ಲುವ ವಿಷಕ್ಕೆ ನಾವು ಎಣ್ಣೆ ಅನ್ನುತ್ತೇವೆ, ತೆಲುಗಿನವರು ಮಂದು ಅನ್ನುತ್ತಾರೆ, ಆಫೀಸಿನವರು ಔಷಧಿ ಅನ್ನುತ್ತಾರೆ. ಮೂರೂ ಸುಳ್ಳೇ. ಆದರೂ ರೂಢಿ ಬಿಡುವುದು ಕಷ್ಟ, ನಾನೂ ಎಣ್ಣೆ ಅಂತಲೇ ಅನ್ನುತ್ತೇನೆ.)

ಹತ್ತಿ ಈ ಸೀಮೆಗೆ ಹೊಸದಲ್ಲ. 1953ರ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯ ಆಗುವವರೆಗೆ ಆದವಾನಿ, ಆಲೂರು, ರಾಯದುರ್ಗ ಮೂರೂ ಬಳ್ಳಾರಿ ಜಿಲ್ಲೆಯ ತಾಲೂಕುಗಳು. ಗಡಿಗೆರೆ ಎಳೆದರು, ನಾವು ಈಚೆ ಆಂಧ್ರದಲ್ಲಿ ಉಳಿದೆವು. ಎರೆ ಹೊಲ ಅದೇ, ಹತ್ತಿ ಅದೇ. ನಮ್ಮ ತಾತನ ಕಾಲದಲ್ಲಿ ಜವಾರಿ ಹತ್ತಿ. ಎಳೆ ಗಿಡ್ಡ, ಇಳುವರಿ ಕಡಿಮೆ. ಆದರೆ ರಸ ಹೀರುವ ಹುಳಗಳ ಕಾಟವನ್ನು ಆ ಗಿಡ ಚೆನ್ನಾಗಿ ತಡೆದುಕೊಳ್ಳುತ್ತಿತ್ತು. ತಾತ ಪಂಪನ್ನು ಕಣ್ಣಲ್ಲಿ ಕಂಡಿರಲಿಲ್ಲ.

ಆಮೇಲೆ ಹೈಬ್ರಿಡ್ ಬಂತು. 1970ರಲ್ಲಿ ಗುಜರಾತಿನ ಎಚ್-4, 1972ರಲ್ಲಿ ನಮ್ಮ ಧಾರವಾಡದ ವರಲಕ್ಷ್ಮಿ. ವರಲಕ್ಷ್ಮಿ ಹೆಸರು ಹೇಳಿದರೆ ಇಲ್ಲಿನ ಹಿರಿಯರ ಮುಖ ಈಗಲೂ ಅರಳುತ್ತದೆ, ಅಲ್ವಾ? ಉದ್ದ ಎಳೆ, ಒಳ್ಳೆ ರೇಟು. ಆದವಾನಿ ಮಾರುಕಟ್ಟೆಯಿಂದ ಅಪ್ಪ ಬರುವಾಗ ಚೀಲದ ತುಂಬ ಮಂಡಾಳು, ಮಿಠಾಯಿ. ಜೊತೆಗೆ ಹುಳವೂ ಬಂತು. ಮೃದು ಎಲೆ, ಆರು ಏಳು ತಿಂಗಳ ಬೆಳೆ, ಜಾಸ್ತಿ ಯೂರಿಯಾ. ಹುಳಕ್ಕೆ ಅದಕ್ಕಿಂತ ಮದುವೆ ಊಟ ಬೇಕಾ?

ಒಂದು ಹಂತದಲ್ಲಿ ದೇಶದ ಬೇಸಾಯದ ನೆಲದಲ್ಲಿ ನೂರಕ್ಕೆ ಐದರಷ್ಟು ಇದ್ದ ಹತ್ತಿ, ದೇಶದಲ್ಲಿ ಹೊಡೆಯುವ ಕೀಟನಾಶಕದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟನ್ನು ಕುಡಿಯುತ್ತಿತ್ತು. 1987ರಲ್ಲಿ ಗುಂಟೂರು, ಪ್ರಕಾಶಂ ಕಡೆ, 1997–98ರಲ್ಲಿ ವರಂಗಲ್ಲಿನಲ್ಲಿ ಹತ್ತಿ ರೈತರು ಸಾಲದ ಭಾರಕ್ಕೆ ಪ್ರಾಣ ಕಳೆದುಕೊಂಡರು. ಹುಳಕ್ಕೆ ತಂದ ಬಾಟಲಿಯನ್ನೇ ಎಷ್ಟೋ ಜನ ಕುಡಿದರು. ಹುಳ ಮಾತ್ರ ಸಾಯಲಿಲ್ಲ. ಅದೇ ಎಣ್ಣೆಯನ್ನು ಮತ್ತೆ ಮತ್ತೆ ಹೊಡೆದರೆ ಬಡ ಹುಳ ಸಾಯುತ್ತದೆ, ಗಟ್ಟಿ ಹುಳ ಉಳಿಯುತ್ತದೆ, ಮುಂದಿನ ಸಂತಾನವೆಲ್ಲ ಆ ಗಟ್ಟಿಯದರದ್ದೇ.

ನಮ್ಮ ಮನೆಯ ಕತೆಯನ್ನೂ ಹೇಳಬೇಕು. 1999ರಲ್ಲಿ ಹಸಿರು ಕಾಯಿಕೊರಕ ಜೋರಾಗಿತ್ತು. ಅಂಗಡಿಯವರು ಚೀಟಿಯಲ್ಲಿ ಮೂರು ಬಾಟಲಿ ಬರೆದುಕೊಟ್ಟರು, "ಮೂರನ್ನೂ ಕಲಸಿ ಹೊಡೀರಿ, ಬೆಂಕಿ ಹಚ್ಚಿದಂಗಾಗ್ತದೆ" ಅಂದರು. ಅಳತೆ ಅಂದರೆ ಬಾಟಲಿಯ ಮುಚ್ಚಳ. ತಮ್ಮ ಬನಿಯನ್ನಿನಲ್ಲೇ ಪಂಪು ಹೊತ್ತ. ಗಿಡ ಎದೆಮಟ್ಟ ಇತ್ತು, ಗಾಳಿ ಎದುರಿಗೆ ಬೀಸುತ್ತಿತ್ತು. ಸಂಜೆ ಮನೆಗೆ ಬಂದವನೇ ಜೊಲ್ಲು ಸುರಿಸುತ್ತಾ ಗೋಡೆಗೆ ಒರಗಿದ. ವಾಂತಿ. ಕಣ್ಣು ಮಂಜು. ಲಾಟೀನು ಹಿಡಿದು ನೋಡಿದರೆ ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗಿದೆ. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಮಾತು, "ಯಾವ ಎಣ್ಣೆ? ಬಾಟಲಿ ಎಲ್ಲಿ?" ಬಾಟಲಿ ಹೊಲದಲ್ಲೇ ಇತ್ತು. ರಾತ್ರಿ ನಾನು ಸೈಕಲ್ಲಿನಲ್ಲಿ ಹೋಗಿ, ಬದುವಿನ ಮೇಲೆ ತಡಕಾಡಿ ತಂದೆ. ಅಟ್ರೋಪಿನ್ ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಕೊಟ್ಟು ಅವನನ್ನು ಉಳಿಸಿದರು.

ಮೂರೂ ಬಾಟಲಿಯ ಮೇಲೆ ಬಣ್ಣದ ಗುರುತು ಇತ್ತು. ಎರಡಕ್ಕೆ ಕೆಂಪು, ಒಂದಕ್ಕೆ ಹಳದಿ. ಕೆಂಪು ಅಂದರೆ ಎಲ್ಲಕ್ಕಿಂತ ಘಾಟು ವಿಷ, ಆಮೇಲೆ ಹಳದಿ, ನೀಲಿ, ಕಡೆಗೆ ಹಸಿರು. ಮೇಷ್ಟ್ರಾಗಿದ್ದೂ ನನಗೆ ಅದು ಗೊತ್ತಿರಲಿಲ್ಲ. ಬಾಟಲಿಯ ಜೊತೆ ಮಡಚಿಟ್ಟ ಒಂದು ಕಾಗದ ಬರುತ್ತದೆ, ಬಿಡಿಸಿದರೆ ಲುಂಗಿಯಷ್ಟು. ಹಿಂದಿ, ತೆಲುಗು, ತಮಿಳು ಎಲ್ಲ ಇರುತ್ತದೆ, ಒಂದು ಮೂಲೆಯಲ್ಲಿ ಕನ್ನಡವೂ. ಇರುವೆ ಸಾಲಿನಂಥ ಅಕ್ಷರ. ಕನ್ನಡಕ ಹಾಕಿಕೊಂಡಾದರೂ ಓದಿ, ಇಲ್ಲವೇ ಶಾಲೆಗೆ ಹೋಗುವ ಮಗಳ ಕೈಗೆ ಕೊಟ್ಟು ಓದಿಸಿ.

2017ರಲ್ಲಿ ಮಹಾರಾಷ್ಟ್ರದ ಯವತ್‌ಮಾಳದಲ್ಲಿ ಹೀಗೇ ಆಯಿತು. ಆಳೆತ್ತರ ಬೆಳೆದ ಹತ್ತಿಯೊಳಗೆ ನುಗ್ಗಿ, ಕಲಸಿದ ಎಣ್ಣೆ ಹೊಡೆದು ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಕೂಲಿಗೆ ಬಂದವರೂ ಇದ್ದರು.

ಇನ್ನು ಎಂಡೋಸಲ್ಫಾನ್. ಇಲ್ಲಿ ಕೂತ ಅರ್ಧ ಜನ ಹತ್ತಿಗೆ ಅದನ್ನು ಹೊಡೆದವರೇ. ಗಡಿನಾಡಿನ ಇನ್ನೊಂದು ತುದಿಯಲ್ಲಿ, ಕಾಸರಗೋಡಿನಲ್ಲಿ, ಗೇರು ತೋಟಗಳ ಮೇಲೆ ಅದನ್ನು ಹೆಲಿಕಾಪ್ಟರಿನಿಂದ ವರ್ಷಗಟ್ಟಲೆ ಸುರಿದರು, 2000ದವರೆಗೂ. ಎಣ್ಮಕಜೆ ಪಂಚಾಯಿತಿಯ ಪಡ್ರೆಯಂಥ ಊರುಗಳಲ್ಲಿ ನಮ್ಮ ಹಾಗೇ ಕನ್ನಡ ಆಡುವ ಮನೆಗಳಿವೆ. ಅಲ್ಲಿ ಹುಟ್ಟಿದ ಮಕ್ಕಳ ಫೋಟೋಗಳನ್ನು ಪೇಪರಿನಲ್ಲಿ ನೀವೂ ನೋಡಿರುತ್ತೀರಿ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ಅದನ್ನು ನಿಲ್ಲಿಸಿತು. ನಾವು ಹೊಡೆಯುವಾಗ ಅದು ಹತ್ತಿಯ ಎಣ್ಣೆ ಅಷ್ಟೇ ಆಗಿತ್ತು. ಅವರ ಬಾವಿಗೆ ಬಿದ್ದಿದ್ದೂ ಅದೇ ಅಂತ ಗೊತ್ತಾದದ್ದು ತಡವಾಗಿ.

ಸರಿ, ಹಾಗಾದರೆ ಎಣ್ಣೆ ಇಲ್ಲದೆ ಹತ್ತಿ ಆಗುತ್ತದಾ? ಆಗುತ್ತದೆ. ಖಮ್ಮಂ ಜಿಲ್ಲೆಯಲ್ಲಿದ್ದ ಪುನುಕುಲ ಅನ್ನುವ ಊರು, ಈಗ ತೆಲಂಗಾಣದಲ್ಲಿದೆ, ಇಪ್ಪತ್ತು ವರ್ಷದ ಹಿಂದೆಯೇ ಊರಿಗೆ ಊರೇ ಕೀಟನಾಶಕ ಬಿಟ್ಟಿತು. ಬೇವು, ವಾಸನೆಯಿಂದ ಗಂಡು ಪತಂಗವನ್ನು ಸೆಳೆದು ಹಿಡಿಯುವ ಮೋಹಕ ಬಲೆ, ಹಳದಿ ಅಂಟು ಹಲಗೆ, ಹಕ್ಕಿ ಕೂರಲು ಕವಲು ಕಡ್ಡಿ, ಇಷ್ಟೇ. ಇಲ್ಲಿ ಗಮನಿಸಬೇಕಾದದ್ದು ಬೇವನ್ನಲ್ಲ. ಊರಿಗೆ ಊರೇ ಅನ್ನುವುದನ್ನು. ಅದಕ್ಕೆ ಆಮೇಲೆ ಬರುತ್ತೇನೆ. ಅದನ್ನು ನೋಡಿಯೇ ಆಂಧ್ರ ಸರ್ಕಾರ ಮಹಿಳಾ ಸಂಘಗಳ ಮೂಲಕ ಇಂಥ ಬೇಸಾಯ ಹರಡಲು ಹೊರಟಿತು. 2016ರಿಂದ ಪ್ರಕೃತಿ ಬೇಸಾಯ ಅನ್ನುವ ಹೆಸರಲ್ಲಿ ನಡೆಯುತ್ತಿದೆ.

ಬೇವಿನ ಬೀಜದ ಕಷಾಯವನ್ನು ನಾನು ಹನ್ನೊಂದು ವರ್ಷದಿಂದ ಮಾಡುತ್ತಿದ್ದೇನೆ. ಎಕರೆಗೆ ಐದು ಕಿಲೋ ಬೀಜದ ಪುಡಿ, ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ನೆನೆಹಾಕಿ, ಹಿಂಡಿ, ನೂರು ಲೀಟರ್ ನೀರಿಗೆ ಸೇರಿಸಿ, ಸ್ವಲ್ಪ ಸೋಪಿನ ಪುಡಿ. ಸೋಪು ಯಾಕೆ? ಎಲೆಗೆ ಅಂಟಲಿ ಅಂತ. ಹೊಡೆಯುವುದು ಸಂಜೆ, ಬಿಸಿಲಿಗೆ ಅದರ ಸತ್ವ ಹೋಗಿಬಿಡುತ್ತದೆ. ಹುಳ ತಕ್ಷಣ ಬೀಳುವುದಿಲ್ಲ. ತಿನ್ನುವುದು ಬಿಡುತ್ತದೆ, ಮರಿ ಬೆಳೆಯುವುದಿಲ್ಲ. ಮಾರನೇ ದಿನ ಹೋಗಿ "ಹುಳ ಸತ್ತಿಲ್ಲ, ಮೋಸ" ಅನ್ನುವವರಿಗೆ ಬೇವು ಒಗ್ಗುವುದಿಲ್ಲ. ಮೇ, ಜೂನಿನಲ್ಲಿ ಬೀಜ ಆರಿಸಿ ಒಣಗಿಸಿಟ್ಟರೆ ಮಾತ್ರ ಅಗ್ಗ. ಬೇಕಾದಾಗ ಅಂಗಡಿಯಲ್ಲಿ ಬಾಟಲಿ ಕೊಂಡರೆ ಕೆಮಿಕಲ್ಲಿಗಿಂತ ಜಾಸ್ತಿ ಬಿದ್ದರೂ ಬಿತ್ತು.

ಇನ್ನು ಸಾವಯವದವರು ಮಾಡುವ ಅಗ್ನಿ ಅಸ್ತ್ರ, ಬ್ರಹ್ಮಾಸ್ತ್ರ ಅನ್ನುವ ಕಷಾಯಗಳು. ಹೆಸರು ಕೇಳಿದರೆ ಟೀವಿ ಮಹಾಭಾರತ ನೆನಪಾಗುತ್ತದೆ. ಅಗ್ನಿ ಅಸ್ತ್ರದಲ್ಲಿ ಮೆಣಸಿನಕಾಯಿ, ಬೆಳ್ಳುಳ್ಳಿ, ಗಂಜಲದ ಜೊತೆ ಹೊಗೆಸೊಪ್ಪು ಇದೆ. ಹೊಗೆಸೊಪ್ಪಿನ ನಿಕೋಟಿನ್ ಕೂಡ ವಿಷವೇ, ಇಮಿಡಾಕ್ಲೋಪ್ರಿಡ್ ಅನ್ನುವ ಎಣ್ಣೆ ಹುಳದ ನರದ ಮೇಲೆ ಕೆಲಸ ಮಾಡುವುದೂ ಅದೇ ದಾರಿಯಲ್ಲಿ. ನೈಸರ್ಗಿಕ ಅಂತ ಬರಿಗೈಯಲ್ಲಿ ಕಲಸಬೇಡಿ.

ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡ ಕೆಲಸ ಮೊದಲ ಎರಡು ತಿಂಗಳು ಕೈ ಕಟ್ಟಿ ಕೂರುವುದು. ನೀವು ತರುವ ಬಿಟಿ ಬೀಜಕ್ಕೆ, ಅಂದರೆ ಕಾಯಿಕೊರಕವನ್ನು ಕೊಲ್ಲುವ ಗುಣವನ್ನು ಒಳಗೇ ಸೇರಿಸಿದ ಬೀಜಕ್ಕೆ, ಕಂಪನಿಯವರೇ ಬಣ್ಣದ ಎಣ್ಣೆ ಹಚ್ಚಿರುತ್ತಾರೆ. ಮೊದಲ ತಿಂಗಳು ಗಿಡದ ಹೇನು, ಜಿಗಿಹುಳದಂಥ ರಸ ಹೀರುವ ಹುಳಕ್ಕೆ ಅದೇ ಸಾಕು. ಆದರೂ ನಾವು ಇಪ್ಪತ್ತನೇ ದಿನಕ್ಕೇ ಪಂಪು ಹೊರುತ್ತೇವೆ. ಮೊನೊಕ್ರೊಟೊಫಾಸ್ ಅನ್ನುವ ಎಣ್ಣೆ ಹೊಡೆದರೆ ಗಿಡ ಹಸಿರಾಗಿ ಎದ್ದು ಬರುತ್ತಿತ್ತು, ನೋಡಲು ಖುಷಿ. ಆ ಹಸಿರು ಚಿಗುರಿಗೇ ಮತ್ತೆ ಜಿಗಿಹುಳ ಬರುತ್ತದೆ, ಹೂ ತಡವಾಗುತ್ತದೆ, ಬೆಳೆ ಉದ್ದ ಎಳೆಯುತ್ತದೆ.

ಆ ಎರಡು ತಿಂಗಳು ಹೊಲದಲ್ಲಿ ಯಾರು ಕೆಲಸ ಮಾಡುತ್ತಾರೆ ಅಂತ ಕೂತು ನೋಡಿ. ಗುಲಗಂಜಿ ಹುಳ ಎಲ್ಲರಿಗೂ ಗೊತ್ತು, ಕೆಂಪು ಬೆನ್ನು, ಕಪ್ಪು ಚುಕ್ಕೆ. ಅದರ ಮರಿ ಗೊತ್ತಾ? ಕಪ್ಪಗೆ, ಉದ್ದಕ್ಕೆ, ಮೈಮೇಲೆ ಮುಳ್ಳು ಮುಳ್ಳು, ನಡುವೆ ಕಿತ್ತಳೆ ಬಣ್ಣದ ಮಚ್ಚೆ. ತಾಯಿಗೂ ಮಗುವಿಗೂ ಹೋಲಿಕೆಯೇ ಇಲ್ಲ. ಒಂದು ಮರಿ ದಿನಕ್ಕೆ ಹತ್ತಾರು ಹೇನು ತಿನ್ನುತ್ತದೆ. ಇದೇನೋ ಹೊಸ ಹುಳ ಬಂತು ಅಂತ ನಾನೇ ಒಂದು ವರ್ಷ ಅದಕ್ಕೆ ಎಣ್ಣೆ ಹೊಡೆದಿದ್ದೇನೆ. ಕೂಲಿ ಇಲ್ಲದೆ ದುಡಿಯುವವರನ್ನು ದುಡ್ಡು ಕೊಟ್ಟು ಕೊಂದ ಹಾಗೆ. ನಾಲ್ಕು ಸಾಲಿಗೊಂದು ಅಲಸಂದೆ ಗಿಡ ಹಾಕಿ, ಗುಲಗಂಜಿ ಹುಳಕ್ಕೆ ಅದೇ ಮನೆ. ಹೊಲದ ಸುತ್ತ ಎರಡು ಸಾಲು ಜೋಳ ಅಥವಾ ಸಜ್ಜೆ, ಅಲ್ಲಲ್ಲಿ ಔಡಲ. ಎಲೆಕೊರಕ ಹತ್ತಿ ಬಿಟ್ಟು ಔಡಲದ ಮೇಲೆ ಮೊಟ್ಟೆ ಇಡುತ್ತದೆ, ಆ ಎಲೆ ಕಿತ್ತರೆ ಮುಗಿಯಿತು.

ಹೊಡೆಯಲೇಬೇಕಾದಾಗ? ಎಣಿಸಿ. ಎಲೆಗೆ ಸರಾಸರಿ ಎರಡು ಜಿಗಿಹುಳದ ಮರಿ ದಾಟಿದರೆ ಹೊಡೆಯಿರಿ, ಥ್ರಿಪ್ಸ್ ಅನ್ನುವ ನುಸಿಯಾದರೆ ಎಲೆಗೆ ಹತ್ತು. ಅದಕ್ಕಿಂತ ಕಡಿಮೆ ಇದ್ದಾಗ ಹೊಡೆದರೆ ಉಳಿಯುವ ಹತ್ತಿಗಿಂತ ಖರ್ಚಾಗುವ ದುಡ್ಡು ಜಾಸ್ತಿ. ಗುಂಟೂರು ಕಡೆಯವರ ಇನ್ನೊಂದು ಉಪಾಯ ನನಗೆ ಇಷ್ಟ: ಇಮಿಡಾಕ್ಲೋಪ್ರಿಡ್ ಒಂದು ಪಾಲಿಗೆ ನೀರು ಇಪ್ಪತ್ತು ಪಾಲು ಸೇರಿಸಿ, ಬ್ರಶ್ಶಿನಿಂದ ಎಳೆ ಕಾಂಡಕ್ಕೆ ಹಚ್ಚುವುದು. ಕೈಗೆ ಗ್ಲೌಸು ಇರಲೇಬೇಕು. ರಸ ಹೀರುವವನಿಗೆ ವಿಷ, ಮೇಲೆ ಓಡಾಡುವ ಗುಲಗಂಜಿ ಹುಳ ಕ್ಷೇಮ. ಇದು ಸಾವಯವ ಅಲ್ಲ. ನನಗೆ ಅದರ ಬಗ್ಗೆ ನಾಚಿಕೆಯೂ ಇಲ್ಲ.

ಇನ್ನೊಂದು, ಎಲೆ ಕೆಂಪಾಗುವುದು. ಕೆಂಪಾಯಿತು ಅಂದರೆ ಓಡಿ ಎಣ್ಣೆ ತರುತ್ತೇವೆ. ಎಲೆಯ ಅಂಚು ಕೆಳಗೆ ಮುದುರಿದ್ದು, ಹಿಂದೆ ತಿರುಗಿಸಿದರೆ ಹಸಿರು ಮರಿಗಳು ಅಡ್ಡಡ್ಡ ಓಡಿದರೆ ಅದು ಜಿಗಿಹುಳ. ಹುಳವೇ ಇಲ್ಲ, ನರ ಹಸಿರಾಗಿದ್ದು ನಡುವೆ ಮಾತ್ರ ಕೆಂಪು ಅಂದರೆ ಮೆಗ್ನೀಷಿಯಂ ಕೊರತೆ. ಲೀಟರಿಗೆ ಹತ್ತು ಗ್ರಾಂ ಮೆಗ್ನೀಷಿಯಂ ಸಲ್ಫೇಟು ಸಾಕು. ಇಲ್ಲದ ಹುಳಕ್ಕೆ ನಾವು ಎಷ್ಟು ಬಾಟಲಿ ಹೊಡೆದಿದ್ದೇವೋ!

ಇಷ್ಟು ಹೇಳುವಾಗ ಹಿಂದಿನ ಸಾಲಿನಿಂದ ಒಬ್ಬ ದೊಡ್ಡಪ್ಪ ಎದ್ದು ನಿಂತರು. "ಮೇಷ್ಟ್ರೇ, ಅದೆಲ್ಲ ಸರಿ. ನಿಮ್ಮ ಬೇವಿಗೆ ಗುಲಾಬಿ ಹುಳ ಸಾಯ್ತದಾ?"

ಸಾಯುವುದಿಲ್ಲ ದೊಡ್ಡಪ್ಪ. ಅಂಗಡಿಯ ಎಣ್ಣೆಗೂ ಸಾಯುವುದಿಲ್ಲ. ಅದಕ್ಕೇ ಇವತ್ತು ಕಾಯಿ ತಂದಿರುವುದು.

2002ರಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕಿತು, 2006ರಲ್ಲಿ ಎರಡು ಜೀನಿನ ಬಿಟಿ ಬಂತು. ಸುಳ್ಳು ಹೇಳಬಾರದು, ಹಸಿರು ಕಾಯಿಕೊರಕದ ಕಾಟ ನಿಂತಿತು. ನಮ್ಮ ಮನೆಯಲ್ಲೇ ಪಂಪು ಅಟ್ಟ ಸೇರಿತ್ತು. ಆದರೆ ಗುಜರಾತಿನಲ್ಲಿ ಮೊದಲ ಬಿಟಿಯನ್ನು ಗುಲಾಬಿ ಕಾಯಿಕೊರಕ ಜೀರ್ಣಿಸಿಕೊಂಡಿದೆ ಅಂತ 2010ರಲ್ಲಿ ಗೊತ್ತಾಯಿತು. ಇನ್ನೈದು ವರ್ಷದೊಳಗೆ ಎರಡನೆಯದನ್ನೂ ದಾಟಿತು. ಗುಲಾಬಿಯೇ ಯಾಕೆ? ಹಸಿರು ಹುಳ ತೊಗರಿ ತಿನ್ನುತ್ತದೆ, ಕಡಲೆ ತಿನ್ನುತ್ತದೆ, ಟೊಮೆಟೊ ತಿನ್ನುತ್ತದೆ. ಬಿಟಿ ರುಚಿ ನೋಡದ ನೆಂಟರು ಅದಕ್ಕೆ ಬೇಕಾದಷ್ಟಿದ್ದಾರೆ. ಗುಲಾಬಿಗೆ ಹತ್ತಿ ಬಿಟ್ಟರೆ ಬೇರೆ ಊಟವೇ ಇಲ್ಲ ಅನ್ನಬಹುದು. ಉಳಿದವೆಲ್ಲ ಬಿಟಿ ತಿಂದು ಬದುಕಿದವೇ. ಅವುಗಳೊಳಗೇ ಜೋಡಿ, ಅವುಗಳದ್ದೇ ಸಂತಾನ.

ಇದನ್ನು ತಡೆಯಲೆಂದೇ 450 ಗ್ರಾಂ ಪ್ಯಾಕೆಟ್ಟಿನ ಜೊತೆ 120 ಗ್ರಾಂ ಬಿಟಿ ಅಲ್ಲದ ಬೀಜ ಕೊಡುತ್ತಿದ್ದರು. ಹೊಲದ ಸುತ್ತ ಅದನ್ನು ಬಿತ್ತಿ, ಬಿಟಿ ರುಚಿ ನೋಡದ ಹುಳವೂ ಉಳಿದು ಗಟ್ಟಿ ಹುಳದ ಜೊತೆ ಜೋಡಿಯಾಗಲಿ ಅಂತ. ಬಿತ್ತಿದವರು ಕೈ ಎತ್ತಿ ನೋಡೋಣ. ಇಬ್ಬರು. ನಾನೂ ಎತ್ತುವ ಹಾಗಿಲ್ಲ. ಹುಳಕ್ಕೆ ಬಿಟ್ಟಿ ಊಟ ಯಾಕೆ ಅಂತ ಎಸೆದುಬಿಟ್ಟೆ. ಆಮೇಲೆ ಒಂದೇ ಪ್ಯಾಕೆಟ್ಟಿನಲ್ಲಿ ಕಲಸಿ 475 ಗ್ರಾಂ ಮಾಡಿದರು, ನಮ್ಮಂಥವರನ್ನು ನೋಡಿಯೇ.

ಈಗ ಚಾಕು ಕೊಡಿ.

ಕಾಯಿಯ ಹೊರಗೆ ನೋಡಿ, ತೂತು ಕಾಣುತ್ತದಾ? ಇಲ್ಲ. ಪತಂಗ ಕಾಯಿಯ ಬುಡದಲ್ಲಿ, ಅದನ್ನು ಸುತ್ತಿದ ಹಸಿರು ದಳದ ಸಂದಿಯಲ್ಲಿ ಮೊಟ್ಟೆ ಇಡುತ್ತದೆ. ಮರಿ ಹೊರಬಂದ ಸ್ವಲ್ಪ ಹೊತ್ತಿಗೇ ಕಾಯಿಯೊಳಗೆ ಹೋಗುತ್ತದೆ, ಹೋದ ತೂತು ಮುಚ್ಚಿಕೊಳ್ಳುತ್ತದೆ. ಆಮೇಲೆ ನೀವು ಮೇಲೆ ಏನು ಸುರಿದರೂ ಅದಕ್ಕೆ ಕೊಡೆ ಹಿಡಿದ ಹಾಗೆ. ಅದರ ಗುರುತು ಮೊದಲು ಕಾಣುವುದು ಹೂವಿನಲ್ಲಿ. ಪಕಳೆ ಬಿಚ್ಚದೆ ಮುದುಡಿ ನಿಂತಿರುತ್ತದೆ. ತೆಲುಗಿನವರು ಗುಡ್ಡಿ ಪೂಲು ಅನ್ನುತ್ತಾರೆ, ಕುರುಡು ಹೂ. ಕಂಡರೆ ಕಿತ್ತು ಹೊಸಕಿಬಿಡಿ.

ಮೊದಲನೇ ಕಾಯಿ, ಚೊಕ್ಕ. ಎರಡು, ಮೂರು, ನಾಲ್ಕು, ಚೊಕ್ಕ. ಐದು. ಹುಡುಗ್ರಾ, ಬನ್ನಿ ಹತ್ತಿರ. ತೊಳೆಯ ನಡುವಿನ ಗೋಡೆಯಲ್ಲಿ ಗುಂಡಗೆ ತೂತು, ಪಕ್ಕದ ತೊಳೆಗೂ ಹೋಗಿದೆ. ಇದೋ, ಬಿಳಿ ಮೈ, ಕಂದು ತಲೆ, ಅಕ್ಕಿ ನುಚ್ಚಿನಷ್ಟು. ಇನ್ನೂ ಗುಲಾಬಿ ಆಗಿಲ್ಲ, ದೊಡ್ಡದಾದ ಮೇಲೆ ಆ ಬಣ್ಣ. ಹನ್ನೊಂದನೇ ಕಾಯಿಯಲ್ಲಿ ಇನ್ನೊಂದು. ಹದಿನೇಳರಲ್ಲಿ ಬಣ್ಣ ಬಂದದ್ದೇ ಇದೆ, ಬೀಜ ತಿಂದು ಹಾಕಿದೆ, ಎಳೆ ಹಳದಿ. ಇದು ಮಾರ್ಕೆಟ್ಟಿಗೆ ಹೋದರೆ ಕೌಡಿ ಹತ್ತಿ, ಅರ್ಧ ರೇಟು.

ಇಪ್ಪತ್ತಕ್ಕೆ ಮೂರು. ಇಪ್ಪತ್ತಕ್ಕೆ ಎರಡು ಸಿಕ್ಕರೆ ಹೊಡೆಯಬೇಕು ಅನ್ನುವುದು ಲೆಕ್ಕ. ಹಾಗಾಗಿ ಯಜಮಾನರೇ, ಸಾವಯವದ ಮಾತಾಡಲು ಬಂದ ನಾನೇ ಹೇಳುತ್ತಿದ್ದೇನೆ, ನಿಮ್ಮ ಹೊಲಕ್ಕೆ ಹೊಡೆಯಿರಿ. ಶಿಫಾರಸಿನಲ್ಲಿರುವ ಒಂದೇ ಎಣ್ಣೆ, ಕಲಸುವುದು ಬೇಡ. ಒಳಗಿರುವುದು ಸಾಯುತ್ತದೆ ಅಂತಲ್ಲ. ಹೊಸ ಮೊಟ್ಟೆ, ಹೊಸ ಮರಿ ಒಳಗೆ ಹೋಗದಿರಲಿ ಅಂತ. ಸೈಪರ್‌ಮೆತ್ರಿನ್ ಥರದ್ದು ಈಗಲೇ ಬೇಡ, ಬಿಳಿನೊಣ ಎದ್ದೀತು. 2015ರಲ್ಲಿ ಪಂಜಾಬಿನ ಹತ್ತಿಯನ್ನು ಮುಳುಗಿಸಿದ್ದು ಅದೇ ಬಿಳಿನೊಣ.

ಈ ಲೆಕ್ಕ ಹೊಲದಲ್ಲಿ ಸುಲಭವಾಗಿ ಗೊತ್ತಾಗಲಿ ಅಂತಲೇ ಮೋಹಕ ಬಲೆ. ಎಕರೆಗೆ ಎರಡು ಕಟ್ಟಿ. ಒಂದು ಬಲೆಗೆ ರಾತ್ರಿಗೆ ಎಂಟು ಪತಂಗ, ಮೂರು ರಾತ್ರಿ ಸಾಲಾಗಿ ಬಿದ್ದರೆ ಎಚ್ಚರ. ಒಳಗಿನ ಲ್ಯೂರ್, ಅಂದರೆ ಪತಂಗವನ್ನು ಸೆಳೆಯುವ ವಾಸನೆಯ ತುಣುಕು, ತಿಂಗಳೊಳಗೆ ಬದಲಿಸಬೇಕು. ಹೋದ ವರ್ಷದ್ದನ್ನೇ ನೇತುಹಾಕಿ "ಪತಂಗ ಇಲ್ಲ" ಅಂದುಕೊಂಡವರನ್ನು ನೋಡಿದ್ದೇನೆ.

ಆದರೆ ಗುಲಾಬಿ ಹುಳದ ಕತೆ ಮುಗಿಯುವುದು ಪಂಪಿನಲ್ಲೂ ಅಲ್ಲ, ಬಲೆಯಲ್ಲೂ ಅಲ್ಲ. ಅಮೆರಿಕದವರು 2018ರಲ್ಲಿ ತಮ್ಮ ಹತ್ತಿಯಿಂದ ಈ ಹುಳ ಹೋಯಿತು ಅಂತ ಸಾರಿದರು. ಬಿಟಿ ಇತ್ತು, ಮೋಹಕ ಇತ್ತು, ಸಂತಾನ ಆಗದ ಪತಂಗ ಬಿಟ್ಟರು, ಬೆಳೆ ಮುಗಿದ ಮೇಲೆ ಎಲ್ಲರೂ ಹೊಲ ಉತ್ತು ಗಿಡ ತೆಗೆದರು. ನಾವು? ತುಂಗಭದ್ರೆಯ ಕೆಳಮಟ್ಟದ ಕಾಲುವೆಗೆ (ಎಲ್‌ಎಲ್‌ಸಿ) ನೀರು ಬಂತು ಅಂತ ಮಾರ್ಚಿನವರೆಗೆ ಗಿಡ ನಿಲ್ಲಿಸುತ್ತೇವೆ. ಇನ್ನೆರಡು ಕ್ವಿಂಟಲ್ ಆಸೆ. ಆ ಎರಡು ಕ್ವಿಂಟಲಿನ ಹೆಸರಲ್ಲಿ ಮುಂದಿನ ವರ್ಷದ ಹುಳವನ್ನು ಸಾಕುತ್ತೇವೆ. ಡಿಸೆಂಬರ್ ಕೊನೆಗೆ ಗಿಡ ತೆಗೆಯಿರಿ, ಕುರಿ ಬಿಡಿ, ಆ ಹೊಲದಲ್ಲಿ ಕಡಲೆಯೋ ಜೋಳವೋ ನೋಡಿಕೊಳ್ಳಿ. ಒಬ್ಬ ತೆಗೆದು ಹತ್ತು ಜನ ಬಿಟ್ಟರೆ ತೆಗೆದವನು ದಡ್ಡನಾಗುತ್ತಾನೆ. ಪುನುಕುಲದಲ್ಲಿ ಊರಿಗೆ ಊರೇ ಅಂದೆನಲ್ಲ, ಅದು ಇದಕ್ಕೇ.

ಆಮೇಲೆ ಹತ್ತಿಕಟ್ಟಿಗೆ. ಈ ಊರಿಗೆ ಬರುವಾಗ ಮನೆಗಳ ಹಿಂದೆ ಹನ್ನೆರಡು ಒಟ್ಟು ಎಣಿಸಿದೆ, ಹೋದ ವರ್ಷದವು. ಒಲೆಗೆ ಬೇಕು, ಒಪ್ಪುತ್ತೇನೆ. ಕಟ್ಟಿಗೆಗೆ ಅಂಟಿದ ಒಣ ಕಾಯಿಯೊಳಗೆ, ಎರಡು ಬೀಜವನ್ನು ಒಂದಕ್ಕೊಂದು ಹೊಲಿದುಕೊಂಡು ಹುಳ ಬೇಸಿಗೆಯಿಡೀ ಮಲಗಿರುತ್ತದೆ. ಮಳೆ ಬಿದ್ದ ಮೇಲೆ ಎದ್ದು ನೇರ ನಿಮ್ಮ ಹೊಲಕ್ಕೇ. ಮೇ ತಿಂಗಳೊಳಗೆ ಸುಟ್ಟು ಮುಗಿಸಿ, ಇಲ್ಲವೇ ಕಾಯಿ ಉದುರಿಸಿ ಒಟ್ಟಿ. ಆದವಾನಿಯ ಜಿನ್ನಿಂಗ್ ಮಿಲ್ಲುಗಳ ಬೀಜದ ರಾಶಿಯಿಂದಲೂ ಪತಂಗ ಏಳುತ್ತವೆ. ಅಲ್ಲಿ ದೀಪದ ಬಲೆ, ಮೋಹಕ ಬಲೆ ಹಾಕಿಸಲು ನಮ್ಮ ರೈತ ಸಂಘದವರು ಒತ್ತಾಯ ಮಾಡಬೇಕು. ಹಾಕಿದರೆ ಸುತ್ತಲ ಊರುಗಳಿಗೆ ಲಾಭ.

ಇಷ್ಟೇ. ಮಾತು ಮುಗಿಸಿ, ಶಾಲು ಹೊದಿಸಿಕೊಂಡು, ಚಹಾಕ್ಕೆ ಎದ್ದೆ. ಹತ್ತಿ ಬಿಡಿಸಲು ಹೋಗುವ ಒಬ್ಬ ಅಜ್ಜಿ ಅಷ್ಟು ಹೊತ್ತೂ ಕಂಬಕ್ಕೆ ಒರಗಿ ಕೂತು ಕೇಳುತ್ತಿದ್ದವಳು, ಕಟ್ಟೆಯ ಮೇಲೆ ನಾನು ಹಾಗೇ ಬಿಟ್ಟಿದ್ದ ಇಪ್ಪತ್ತು ಕಾಯಿಯ ಹೋಳುಗಳನ್ನು ಸೆರಗಿಗೆ ಬಾಚಿಕೊಂಡಳು. "ಏನ್ ಮೇಷ್ಟ್ರಪ್ಪ, ಹುಳಾನ ಇಲ್ಲೇ ಬಿಟ್ಟು ಹೊಂಟೀರಲ್ಲ" ಅಂದು, ನೇರ ಚಹಾ ಕಾಯುತ್ತಿದ್ದ ಒಲೆಗೆ ಸುರಿದಳು.